ಎಡಮಗ್ಗುಲ ಹೊಲಿಗೆ

ಟೀಚರ ಕಾರನ್ನು ಎಳೆದುಕೊಂಡು ಬಂದು ನಮ್ಮ ಅಂಗಡಿಯ ಪಕ್ಕದ ಟಿಂಕರಿಂಗ್ ಶೆಡ್ಡಿನಲ್ಲಿ ಇಳಿಸುವಾಗ ನಾನು ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ. ಎಡಗಡೆಯ ಮುಂದಿನ ಬಾಗಿಲು ಒಳಕ್ಕೆ ಮಡಚಿಕೊಂಡು ಹೋಗಿತ್ತು. ಕೆಂಗಲ್ ದಾಟಿ ಒಂದು ಅಡ್ಡರಸ್ತೆಯಿಂದ ಎಳನೀರು ತುಂಬಿದ ಗೂಡ್ಸ್ ಗಾಡಿ ನುಗ್ಗಿ ಗುದ್ದಿತ್ತಂತೆ. ಓಡಿಸುತ್ತಿದ್ದ ಅವರ ಯಜಮಾನರಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಎಡಸೀಟಿನಲ್ಲಿ ಕುಳಿತಿದ್ದ ಟೀಚರಿಗೆ ಮೂರು ಪಕ್ಕೆಲುಬು ಮುರಿದಿದ್ದವು.

ಈ ಟೀಚರು ಚನ್ನಪಟ್ಟಣದಲ್ಲಿ ಇಂಗ್ಲಿಷ್ ಪಾಠ ಹೇಳುವವರು. ನಾನು ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಮನೆಯಲ್ಲಿ ಕುಳಿತು ಬ್ಲೌಸ್ ಹೊಲಿಯುತ್ತಿದ್ದ ಕಾಲದಿಂದ ನನ್ನ ಗಿರಾಕಿ. ಬ್ಲೌಸ್ ಬಿಟ್ಟು ಹಳೇ ಮೈಸೂರು ರಸ್ತೆಯ ಈ ಕಾರ್ ಡೆಕೊರೇಷನ್ ಅಂಗಡಿಗೆ ಸೀಟ್ ಕವರ್ ಹೊಲಿಯಲು ಸೇರಿದೆ ಅಂತ ಗೊತ್ತಾದಾಗ, ಹೊಸ ಕಾರನ್ನು ಹುಡುಕಿಕೊಂಡು ಇಲ್ಲಿಗೇ ತಂದಿದ್ದರು. "ನಿನ್ನ ಕೈಯಾದ್ರೆ ನಂಗೆ ನಂಬಿಕೆ ಕಣೆ" ಅಂದಿದ್ದರು. ಆ ಮಾತು ಕೇಳಿ ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಸಾಮಾನ್ಯವಾಗಿ ಹಾಕುವ ದಾರ ಬಿಟ್ಟು ಮೂರೆಳೆ ನೈಲಾನ್ ದಾರ ಹಾಕಿ, ಅಂಚಿಗೆಲ್ಲ ಎರಡೆರಡು ಸಾಲು ಹೊಲಿದಿದ್ದೆ.

ನಮ್ಮ ಮಾಲೀಕ ಶೆಡ್ಡಿಗೆ ಹೋದವನು ನಗುತ್ತಾ ವಾಪಸ್ ಬಂದ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವನು. ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ.

"ನೋಡಕ್ಕ, ಬಾಗ್ಲು ಹೋಗೈತೆ, ಗ್ಲಾಸ್ ಹೋಗೈತೆ, ಸೀಟು ವಾಲ್ಕೊಂಡೈತೆ. ನಿನ್ ಹೊಲಿಗೆ ಮಾತ್ರ ಒಂದ್ ಎಳೆ ಬುಟ್ಟಿಲ್ಲ."

ಫೋಟೋದಲ್ಲಿ ಗಾಜಿನ ಚೂರಿನ ನಡುವೆ ನನ್ನ ಕಂದು ಬಣ್ಣದ ಕವರ್, ಅಂಚಿನ ಎರಡು ಸಾಲು ಬಿಳಿ ಹೊಲಿಗೆ, ಗೆರೆ ಎಳೆದ ಹಾಗೆ ನೆಟ್ಟಗಿತ್ತು. ನಿಜ ಹೇಳಿಬಿಡುತ್ತೇನೆ, ಆ ಕ್ಷಣ ನನಗೆ ಖುಷಿಯಾಯಿತು. ಟೀಚರು ಆಸ್ಪತ್ರೆಯಲ್ಲಿ ಉಸಿರೆಳೆಯಲು ಒದ್ದಾಡುತ್ತಿದ್ದಾರೆ, ನಾನು ನನ್ನ ಹೊಲಿಗೆ ನೋಡಿಕೊಂಡು ಹಿಗ್ಗುತ್ತಿದ್ದೇನೆ. ಈಗ ನೆನೆಸಿಕೊಂಡರೆ ನನ್ನ ಮೇಲೇ ನನಗೆ ಥೂ ಅನ್ನಿಸುತ್ತದೆ.

ಮಾಲೀಕ ಅಷ್ಟಕ್ಕೆ ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ಆ ಫೋಟೋ ಅಂಗಡಿಯ ವಾಟ್ಸಾಪ್ ಸ್ಟೇಟಸ್‌ನಲ್ಲಿ ಕುಳಿತಿತ್ತು. ಕೆಳಗೆ ಕೆಂಪು ಅಕ್ಷರದಲ್ಲಿ "ಗಾಡಿ ಹೋದ್ರೂ ಹೊಲಿಗೆ ಹೋಗಲ್ಲ" ಅಂತ ಬರೆದು, ಎರಡು ಕೈಮುಗಿಯುವ ಚಿತ್ರ ಹಾಕಿದ್ದ.

ಮಾರನೇ ದಿನ ಇನ್ಶೂರೆನ್ಸ್‌ನವರು ಬಂದು ನೋಡಿ ಹೋದರು. ಎಡಸೀಟು ಪೂರ್ತಿ ಬದಲಾಯಿಸಬೇಕು, ಅದಕ್ಕೆ ಮೊದಲು ಕವರ್ ಬಿಚ್ಚಿಕೊಡಿ ಅಂದರಂತೆ. ನಾನು ಕತ್ತರಿ, ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದುಕೊಂಡು ಶೆಡ್ಡಿಗೆ ಹೋದೆ.

ಅಪಘಾತವಾದ ಕಾರಿನ ಒಳಗೆ ಕೂರುವುದು ಎಂಥ ಹೇಸಿಗೆ ಅಂತ ಕೂತವರಿಗೇ ಗೊತ್ತು. ಗಾಜಿನ ಪುಡಿ, ಒಣಗಿದ ರಕ್ತ, ಚೆಲ್ಲಿದ ಮಜ್ಜಿಗೆ ಹುಳಿಯಾಗಿ ನಾರುವ ವಾಸನೆ. ಅದರ ಮೇಲೆ ಪಟಾಕಿ ಸುಟ್ಟಂಥ ಒಂದು ಘಾಟು. ಬಾಗಿಲ ಮೇಲ್ಗಡೆ ಚಾವಣಿಯ ಅಂಚಿನಿಂದ ಬಿಳಿ ಬಟ್ಟೆಯೊಂದು ಹಿಂದಿನ ಸೀಟಿನವರೆಗೂ ಜೋತುಬಿದ್ದಿತ್ತು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಸೀಟಿನ ಹಿಂದಿನ ಕೊಕ್ಕೆಗಳನ್ನು ತೆಗೆದೆ. ಕವರ್ ಜಗ್ಗಿದರೆ ಬರಲಿಲ್ಲ. ಒಳಗಿನಿಂದ ಏನೋ ಒತ್ತಿ ಹಿಡಿದ ಹಾಗೆ ಬಿಗಿಯಾಗಿತ್ತು. ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಎಡ ಅಂಚಿಗೆ ಹಾಕಿ ಎಳೆದೆ. ನನ್ನದೇ ಮೂರೆಳೆ ನೈಲಾನ್ ನನ್ನ ಕೈಗೇ ಬಗ್ಗಲಿಲ್ಲ. ಕತ್ತರಿಯಲ್ಲಿ ಒಂದೊಂದೇ ಹೊಲಿಗೆ ಕಡಿಯಬೇಕಾಯಿತು.

ಒಂದು ಗೇಣು ಕಡಿಯುವ ಹೊತ್ತಿಗೆ ಬಿಳಿ ಪುಡಿ ಮಡಿಲಿಗೆ ಸುರಿಯಿತು. ಕೈ ಒಳಗೆ ಹಾಕಿದೆ. ಕಂಪನಿಯ ಸೀಟಿನ ಬಟ್ಟೆ ಪಕ್ಕದಲ್ಲಿ ಉದ್ದಕ್ಕೆ ಬಾಯಿ ತೆರೆದುಕೊಂಡಿತ್ತು. ಅದರಿಂದ ಹೊರಬಂದ ಒರಟು ಬಟ್ಟೆಯ ಚೀಲವೊಂದು ನನ್ನ ಕವರಿಗೂ ಸೀಟಿಗೂ ನಡುವೆ ಮುದ್ದೆಯಾಗಿ ಸಿಕ್ಕಿಕೊಂಡು, ಹೋಗಲು ದಾರಿ ಇಲ್ಲದೆ ಒಳಗಿನ ಸ್ಪಂಜನ್ನು ಹರಿದುಕೊಂಡು ಹಿಂದಕ್ಕೆ ನುಗ್ಗಿತ್ತು. ನನಗೆ ಏನೂ ಅರ್ಥವಾಗಲಿಲ್ಲ. ವೈರಿಂಗ್ ಭಾಯ್‌ನ ಕರೆದೆ.

ವೈರಿಂಗ್ ಭಾಯ್ ಅಂದರೆ ಆ ಶೆಡ್ಡಿನಲ್ಲಿ ಕಾರಿನ ಕರೆಂಟು ಕೆಲಸವನ್ನೆಲ್ಲ ನೋಡುವವರು. ಮನೆಯವರೆಲ್ಲ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕಸುಬಿನವರು, ಇವರೊಬ್ಬರು ಬ್ಯಾಟರಿ ಹಿಡಿದರು. ಮಾತು ಕಡಿಮೆ. ಬಂದು, ಬಗ್ಗಿ, ಟಾರ್ಚ್ ಹಾಕಿ ನೋಡಿದರು. ಚೀಲದ ಅಂಚನ್ನು ಬೆರಳಲ್ಲಿ ಎತ್ತಿ ಹಿಡಿದರು.

"ಯಾಕ್ ಭಾಯ್, ಏನಿದು?" ಅಂದೆ.

"ಏರ್‌ಬ್ಯಾಗ್ ಅಕ್ಕ."

"ಏರ್‌ಬ್ಯಾಗ್ ಸ್ಟೇರಿಂಗ್‌ನಲ್ಲಿ ಅಲ್ವಾ ಇರೋದು?"

"ಸ್ಟೇರಿಂಗ್‌ನಲ್ಲಿ ಒಂದು ಐತೆ. ಬಾ ಇಲ್ಲಿ" ಅಂತ ಕಾರಿನ ಸುತ್ತ ಕರೆದುಕೊಂಡು ಹೋಗಿ ತೋರಿಸಿದರು. ಸ್ಟೇರಿಂಗ್‌ನ ನಡುವೆ, ಹಾರನ್ ಒತ್ತುವ ಕಡೆ ಒಂದು. ಎಡಗಡೆ ಡ್ಯಾಶ್‌ಬೋರ್ಡಿನ ಮೇಲೆ, ಗೆರೆ ಕೊರೆದ ಮುಚ್ಚಳದ ಕೆಳಗೆ ಒಂದು. ಮುಂದಿನ ಎರಡೂ ಸೀಟಿನ ಬೆನ್ನಿನಲ್ಲಿ, ಬಾಗಿಲ ಕಡೆಯ ಪಕ್ಕದಲ್ಲಿ ಒಂದೊಂದು. ಎಡಕ್ಕೂ ಬಲಕ್ಕೂ ಬಾಗಿಲುಗಳ ಮೇಲೆ, ಚಾವಣಿಯ ಅಂಚಿನುದ್ದಕ್ಕೂ ಒಂದೊಂದು. ಒಟ್ಟು ಆರು. ಸೀಟಿನ ಕೆಳಗೆ ಕೈ ಹಾಕಿ ಹಳದಿ ವೈರು ಎಳೆದು ತೋರಿಸಿದರು. ಹಳದಿ ಕಂಡರೆ ಮುಟ್ಟಬಾರದು ಅನ್ನುವುದು ಅವರ ಕಸುಬಿನ ಮೊದಲ ಪಾಠವಂತೆ.

"ಗುದ್ದಿದ್ದು ಎಡಗಡೆಯಿಂದ. ಮೇಲಿಂದು ಇಳ್ದೈತೆ ನೋಡು" ಅಂತ ಆ ಜೋತುಬಿದ್ದ ಬಟ್ಟೆ ಹಿಡಿದರು. "ತಲೆ ಉಳ್ಸಿದ್ದು ಇದು. ಪಕ್ಕೆಗೆ ಅಡ್ಡ ಬರ್ಬೇಕಾಗಿದ್ದು ನಿನ್ ಹೊಲಿಗೆ ಒಳಗೆ ಕೂತ್ಕೊಂಡೈತೆ."

ನಾನು ಕೇಳಿದೆ: "ಅದು ಬಂದಿದ್ರೆ ಮೂಳೆ ಮುರೀತಿರ್ಲಿಲ್ವಾ?"

"ಅದು ಅಲ್ಲಾಗೇ ಗೊತ್ತು. ಬಾಗ್ಲು ಅಷ್ಟು ಒಳಕ್ಕೆ ಬಂದೈತೆ, ಮುರೀತಿತ್ತೋ ಏನೋ. ಆದ್ರೆ ಬರ್ಬೇಕಾದ್ದು ಬರ್ಲಿಲ್ಲ. ಅಷ್ಟ್ ಮಾತ್ರ ಗೊತ್ತು." ಆಮೇಲೆ ಸೀಟಿನ ಪಕ್ಕ ಬೆರಳಾಡಿಸಿ ಕೇಳಿದರು: "ಇಲ್ಲೊಂದು ಲೇಬಲ್ ಇರ್ಬೇಕಲ್ಲ. ಸಣ್ಣದು, ಬಟ್ಟೇದು, ಏರ್‌ಬ್ಯಾಗ್ ಅಂತ ಇಂಗ್ಲಿಷಲ್ಲಿ ಬರ್ದಿರೋದು. ಎಲ್ಲೋಯ್ತು?"

ಆ ಲೇಬಲ್ ಎಲ್ಲಿ ಹೋಯಿತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ರೆಡಿಮೇಡ್ ನೈಟಿಯ ಕತ್ತಿನ ಹಿಂದೆ ಒಂದು ಲೇಬಲ್ ಇರುತ್ತದಲ್ಲ, ಚುಚ್ಚುತ್ತದೆ ಅಂತ ಯಾವ ಹೆಂಗಸು ತಂದರೂ ನಾವು ಟೈಲರುಗಳು ಮೊದಲು ಅದನ್ನು ಕತ್ತರಿಸುತ್ತೇವೆ. ಅದು ಕೈಗೆ ಅಂಟಿದ ಚಾಳಿ. ಸೀಟಿನ ಪಕ್ಕದಲ್ಲಿ ನಾಲಿಗೆಯಷ್ಟು ಲೇಬಲ್ ಮೊದಲ ಸಲ ಕಂಡಾಗ, ಕವರಿನ ಅಂಚು ಅದರ ಮೇಲೆ ನೆಟ್ಟಗೆ ಕೂರುತ್ತಿರಲಿಲ್ಲ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಇದೇನು ಅಂತ ಮಾಲೀಕನನ್ನು ಕೇಳಿದ್ದೆ. "ಕಂಪ್ನಿ ಲೇಬಲ್ ಕಣಕ್ಕ, ಕತ್ತರ್ಸಾಕು" ಅಂದಿದ್ದ. ಅವತ್ತಿನಿಂದ ಕಂಡ ಕಂಡಲ್ಲಿ ಕತ್ತರಿಸಿದ್ದೆ. ಎಸೆಯಲು ಮನಸ್ಸು ಬಾರದೆ ಗುಂಡಿ ಹಾಕುವ ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಒಳ್ಳೆಯ ನೇಯ್ಗೆಯ ಚೂರು, ಎಲ್ಲಿಗಾದರೂ ಬರುತ್ತದೆ ಅಂತ.

ಅಂಗಡಿಗೆ ಹೋಗಿ ಡಬ್ಬಿಯನ್ನು ಕಟಿಂಗ್ ಟೇಬಲ್ ಮೇಲೆ ಸುರಿದೆ. ಗುಂಡಿ, ಹುಕ್ಕು, ಪ್ರೆಸ್ ಬಟನ್ನುಗಳ ನಡುವೆ ಲೇಬಲ್ಲುಗಳನ್ನು ಆರಿಸಿ ಸಾಲಾಗಿ ಇಟ್ಟೆ. ಇಪ್ಪತ್ತೆರಡು ಇದ್ದವು. ಕಾರಿಗೆ ಎರಡು ಸೀಟು, ಹನ್ನೊಂದು ಕಾರು. ಅದರಲ್ಲಿ ಒಂದು ಟೀಚರದು. ಉಳಿದ ಹತ್ತು ಕಾರಿನಲ್ಲಿ ಯಾರ ಯಾರ ಮನೆಯವರೋ ಇವತ್ತೂ ನನ್ನ ಗಟ್ಟಿ ಹೊಲಿಗೆಗೆ ಪಕ್ಕೆ ಕೊಟ್ಟು ಕುಳಿತು ಮೈಸೂರು ರಸ್ತೆಯಲ್ಲಿ ಹೋಗುತ್ತಿದ್ದರು. ಹಿತ್ತಲ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮಾಲೀಕನಿಗೆ ಎಲ್ಲ ಹೇಳಿದೆ. ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಗೊತ್ತು ಕಣಕ್ಕ. ರೆಡಿಮೇಡ್ ಕವರ್ ಬತ್ತದಲ್ಲ, ಅದರ ಪ್ಯಾಕೆಟ್ ಮೇಲೂ ಬರ್ದಿರ್ತಾರೆ, ಸೈಡ್ ಏರ್‌ಬ್ಯಾಗ್ ಇರೋ ಗಾಡಿಗೆ ಹಾಕ್ಬೇಡಿ ಅಂತ. ಅದ್ನೆಲ್ಲ ನೋಡ್ಕಂಡು ಕೂತ್ರೆ ಯಾಪಾರ ಆಯ್ತದಾ?"

"ಗೊತ್ತಿತ್ತಾ ನಿಂಗೆ?"

"ಎಲ್ರುಗೂ ಗೊತ್ತು. ಯಾರ್ ಕೇಳ್ತಾರೆ?"

ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಅವನು ಕುಡಿದಿಟ್ಟ ಲೋಟದ ಪಕ್ಕದಲ್ಲೇ ನಾನೂ ಟೀ ಕುಡಿದಿದ್ದೆನಲ್ಲ ಅಂತ ಅಸಹ್ಯವಾಯಿತು. ಆ ಫೋಟೋ ಆದರೂ ತೆಗಿ ಅಂದೆ. "ಅದ್ನ ನೋಡ್ಬುಟ್ಟೇ ನಾಕ್ ಜನ ಫೋನ್ ಮಾಡವ್ರೆ" ಅಂದ. ಹಳೇ ಗಿರಾಕಿಗಳನ್ನು ಕರೆದು ಬಿಚ್ಚಿ ಸರಿ ಮಾಡಿಕೊಡುತ್ತೇನೆ ಅಂದಾಗ ಮಾತ್ರ ಕುರ್ಚಿಯಿಂದ ಎದ್ದ.

"ನೋಡಕ್ಕ, ನಾವೇ ಬಾಯ್ಬುಟ್ಟು ಹೇಳ್ಬುಟ್ರೆ ಕೇಸ್ ಆಯ್ತದೆ. ಆ ಟೀಚರಮ್ಮಂಗೂ ಹೇಳ್ಬ್ಯಾಡ. ಗುದ್ದಿದ್ದು ಗೂಡ್ಸ್ ಗಾಡಿ, ಹೊಲಿಗೆ ಅಲ್ಲ. ಸುಮ್ಕಿರು."

ಸುಮ್ಮನಿರುವುದು ಸುಲಭವಾಗಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಳೇ ಸೀಟು ಗುಜರಿಗೆ ಹೋಗುತ್ತಿತ್ತು. ಆದರೆ ಟೀಚರು ನಾಳೆ ಎದುರು ಬಂದು ಪಕ್ಕೆ ಹಿಡಿದುಕೊಂಡು ನಿಂತರೆ ನಾನು ಯಾವ ಮುಖ ಇಟ್ಟುಕೊಂಡು ಅಳತೆ ತೆಗೆಯಲಿ? ಹೇಳದೆ ಇರಲಾರೆ ಅಂತ ಅವತ್ತೇ ಗೊತ್ತಾಯಿತು. ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಮೊದಲು ಆ ಹತ್ತು ಕಾರು ಸರಿ ಮಾಡುತ್ತೇನೆ, ಆಮೇಲೆ ಟೀಚರ ಹತ್ತಿರ ಹೋಗುತ್ತೇನೆ ಅಂತ ನನಗೆ ನಾನೇ ಸಬೂಬು ಹೇಳಿಕೊಂಡೆ. ಡಬ್ಬಿಯನ್ನೂ ನನ್ನ ಅಳತೆ ಪುಸ್ತಕವನ್ನೂ ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ.

ಅಳತೆ ಪುಸ್ತಕ ನನ್ನ ಬ್ಲೌಸ್ ಕಾಲದ ಅಭ್ಯಾಸ. ಪ್ರತಿ ಕೆಲಸಕ್ಕೂ ಒಂದು ಪುಟ, ಮೇಲೆ ಹೆಸರು, ಫೋನ್ ನಂಬರು, ಊರು, ಕೆಳಗೆ ಅಳತೆ, ಮೂಲೆಯಲ್ಲಿ ಹೊಲಿದ ಬಟ್ಟೆಯ ಚೂರು ಪಿನ್ ಮಾಡಿರುತ್ತದೆ. ಕಾರಿನ ಕವರಿಗೂ ಹಾಗೇ ಮಾಡಿದ್ದೆ. ಮಾಲೀಕ ಅದನ್ನು ನೋಡಿ ನಗುತ್ತಿದ್ದ. ಆ ಪುಸ್ತಕ ಇಲ್ಲದಿದ್ದರೆ ನನಗೆ ಒಂದು ಕಾರೂ ಸಿಗುತ್ತಿರಲಿಲ್ಲ.

ಸರಿ ಮಾಡುವುದು ಹೇಗೆ ಅನ್ನುವುದಕ್ಕೆ ನನ್ನ ತಲೆಯಲ್ಲಿ ಒಂದು ಉಪಾಯ ಬಂದಿತ್ತು. ಬ್ಲೌಸಿನ ಮಗ್ಗುಲಿಗೆ ನಾವು ಒಂದೇ ಹೊಲಿಗೆ ಹಾಕುವುದಿಲ್ಲ. ಒಳಗೆ ಬಟ್ಟೆ ಬಿಟ್ಟು ಎರಡು ಮೂರು ಸಾಲು ಹಾಕಿರುತ್ತೇವೆ, ಮುಂದೆ ಮೈ ಬಂದರೆ ಒಂದು ಸಾಲು ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಅಂತ. ಆ ಸಾಲುಗಳನ್ನು ತೆಳು ದಾರದಲ್ಲಿ, ದೂರ ದೂರ ಹೊಲಿಯುತ್ತೇವೆ. ಒಂದು ಎಳೆ ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಸೀಟಿನ ಪಕ್ಕಕ್ಕೂ ಅದೇ ಹೊಲಿಗೆ ಹಾಕಿದರೆ ಚೀಲ ಬಂದಾಗ ತಾನೇ ಹರಿದುಕೊಳ್ಳುತ್ತದಲ್ಲ. ಒಂದು ಚೂರಿನ ಮೇಲೆ ಹೊಲಿದು, ಭಾಯ್ ಕೈಗೆ ಕೊಟ್ಟು ಎಳೆಸಿದೆ. ಎಳೆದ ಕೂಡಲೇ ಬಿಟ್ಟುಕೊಂಡಿತು. ನನಗೆ ಮತ್ತೆ ಹೆಮ್ಮೆ.

ಭಾಯ್ ಚೂರನ್ನು ವಾಪಸ್ ಕೊಟ್ಟರು. "ನಾನ್ ಎಳ್ದಾಗ ಬಿಡ್ತು. ಕಣ್ ಮುಚ್ಚಿ ತೆಗೆಯೋಷ್ಟರಲ್ಲಿ ಬಿಡ್ಬೇಕಲ್ಲಕ್ಕ. ಅದೂ ಸರಿಯಾದ್ ಜಾಗದಲ್ಲಿ. ಕಂಪ್ನಿಯೋರು ಗಾಡಿ ಗಾಡಿ ಗುದ್ಸಿ ನೋಡಿರ್ತಾರೆ. ನಿನ್ಹತ್ರ ಏನೈತೆ, ಕತ್ತರಿ."

"ಮತ್ತೆ ಏನ್ ಮಾಡ್ಲಿ?"

"ಅಲ್ಲಿ ಹೊಲೀಬ್ಯಾಡ. ಬುಟ್ಬುಡು."

ಟೈಲರಿಗೆ ಹೊಲೀಬೇಡ ಅನ್ನುವುದಕ್ಕಿಂತ ಕಷ್ಟದ ಮಾತಿಲ್ಲ. ಇಡೀ ದಿನ ಮುನಿಸಿಕೊಂಡಿದ್ದೆ. ಆದರೆ ಅವರು ಹೇಳಿದ್ದು ಸರಿ. ಕೊನೆಗೆ ಹಾಗೇ ನಿರ್ಧರಿಸಿದೆ. ಕವರಿನ ಬಾಗಿಲ ಕಡೆಯ ಪಕ್ಕವನ್ನು ಮೇಲಿಂದ ಕೆಳಗಿನವರೆಗೆ ಪೂರ್ತಿ ಕತ್ತರಿಸಿ ತೆಗೆಯುವುದು, ಕಂಪನಿಯ ಸೀಟು ಅಲ್ಲಿ ಬರಿದಾಗಿ ಕಾಣಬೇಕು. ಕತ್ತರಿಸಿದ ಅಂಚಿಗೆ ಪಟ್ಟಿ ಕೊಡುವುದು. ಪಕ್ಕದ ಹಿಡಿತ ಹೋದ ಮೇಲೆ ಕವರ್ ಜಾರುತ್ತದೆ, ಅದಕ್ಕೆ ತಲೆ ಒರಗುವ ದಿಂಬಿನ ಕಂಬಿಗೆ ಒಂದು, ಸೀಟಿನ ಕೆಳಗೆ ಎರಡು ಎಲಾಸ್ಟಿಕ್ ಪಟ್ಟಿ. ಕೆಳಗಿನದನ್ನು ಹಳದಿ ವೈರಿಗೆ ತಾಗದ ಹಾಗೆ ಭಾಯ್ ನಿಂತು ಕಟ್ಟಿಸಿದರು. ಮೊದಲು ಬಂದ ಕಾರಿಗೆ ಕಟ್ಟಿದ್ದು ಎರಡೇ ದಿನಕ್ಕೆ ಜಾರಿ ಒಂದು ಮಗ್ಗುಲಿಗೆ ತಿರುಚಿಕೊಂಡಿತು. ಎರಡನೇ ಸಲ ಪಟ್ಟಿಯ ಅಗಲ ಹೆಚ್ಚಿಸಿದ ಮೇಲೆ ನಿಂತಿತು.

ನೋಡಲು ಅದು ಚೆಂದವಿಲ್ಲ, ಒಪ್ಪುತ್ತೇನೆ. ತೋಳು ಹರಿದ ರವಿಕೆಯ ಹಾಗೆ ಕಾಣುತ್ತದೆ.

ಅಂಗಡಿಗೆ ರಜೆ ಹೇಳಿ ಒಂದೊಂದೇ ನಂಬರಿಗೆ ಫೋನ್ ಮಾಡಿದೆ. ಬರಲು ಒಪ್ಪಿದವರು ನನ್ನ ಮನೆಗೇ ಕಾರು ತಂದರು, ಒಪ್ಪದವರ ಮನೆಗೆ ಬಸ್ಸಿನಲ್ಲಿ ನಾನೇ ಹೋದೆ. ಸೀಟಿನ ಕವರ್ ಬಿಚ್ಚುವುದೆಂದರೆ ಮನೆಯೊಂದರ ಮಂಚದ ಕೆಳಗೆ ಇಣುಕಿದ ಹಾಗೆ. ಕನಕಪುರದ ಒಂದು ಕಾರಿನ ಸೀಟಿನ ಸಂದಿಯಲ್ಲಿ ಹುಳ ಬಿದ್ದ ಬಾಳೆಹಣ್ಣು, ಅರ್ಧ ತಿಂದು ಉಗಿದ ಎಲೆಅಡಿಕೆ, ಮಗುವಿನ ಒಣಗಿದ ವಾಂತಿ ಇತ್ತು. ಮೇಲೆ ಮಾತ್ರ ಮಲ್ಲಿಗೆ ಸೆಂಟು. ಗೂಡು ಸಾಗಿಸುತ್ತಿದ್ದ ಇನ್ನೊಂದು ಕಾರಿನಿಂದ ಬಂದ ಸತ್ತ ಹುಳುವಿನ ನಾತ ಎರಡು ದಿನ ನನ್ನ ಕೂದಲಿನಿಂದ ಹೋಗಲಿಲ್ಲ. ಏರ್‌ಬ್ಯಾಗ್ ಎಲ್ಲೆಲ್ಲಿದೆ ಅಂತ ಭಾಯ್ ಹೇಳಿಕೊಟ್ಟಿದ್ದರಿಂದ ಈಗ ಉಳಿದದ್ದೂ ಕಣ್ಣಿಗೆ ಬೀಳುತ್ತಿತ್ತು. ಎಡಗಡೆಯ ಡ್ಯಾಶ್‌ಬೋರ್ಡಿನ ಆ ಮುಚ್ಚಳದ ನಟ್ಟನಡುವೆ ಅಂಟಿಸಿದ ಹಿತ್ತಾಳೆ ಆಂಜನೇಯ, ಗಾಜಿನ ಸೆಂಟು ಬಾಟಲಿ, ಮೊಬೈಲ್ ಸ್ಟ್ಯಾಂಡು. ಚಾವಣಿಯ ಅಂಚಿನ ಕೊಕ್ಕೆಗೆ ತಂತಿಯ ಹ್ಯಾಂಗರ್ ಸಮೇತ ನೇತುಹಾಕಿದ ಅಂಗಿ. ಅಲ್ಲಿಂದ ಚೀಲ ಹೊರಬಂದರೆ ಇವೆಲ್ಲ ನೇರ ಮುಖಕ್ಕೇ ಬರುತ್ತವೆ. ಆಂಜನೇಯನನ್ನು ಪಕ್ಕಕ್ಕೆ ಕೂರಿಸಿ ಅಂದರೆ, ನಡುವೆ ಇದ್ದರೇ ಶ್ರೇಷ್ಠ ಅಂತ ಒಬ್ಬರು ನನಗೆ ಬುದ್ಧಿ ಹೇಳಿದರು.

ಹೆಚ್ಚಿನವರು ಬೈದರು, ಆದರೆ ಕತ್ತರಿಸಲು ಬಿಟ್ಟರು. ಮಾಗಡಿಯ ಒಬ್ಬರು ಮಾತ್ರ ಬಾಗಿಲಲ್ಲೇ ತಡೆದರು. ತೆಂಗಿನ ತೋಟದವರು. ನಮ್ಮ ಮಾಲೀಕ ಅವರಿಗೆ ಮೊದಲೇ ಫೋನ್ ಮಾಡಿದ್ದ.

"ನಿನ್ಗೆ ತಲೆ ಕೆಟ್ಟೈತೆ ಅಂತ ನಿಮ್ ಓನರೇ ಹೇಳ್ದ ಕಣಮ್ಮ. ಒಳ್ಳೆ ಕವರ್ರು, ಪಕ್ಕ ಕಿತ್ತಾಕಿದ್ರೆ ನೋಡೋರ್ ಏನಂತಾರೆ? ಧೂಳೆಲ್ಲ ಒಳಕ್ ಹೋಯ್ತದೆ."

ನಾನು ಡಬ್ಬಿಯಿಂದ ಒಂದು ಲೇಬಲ್ ತೆಗೆದು ತೋರಿಸಿದೆ, ಟೀಚರ ಕಾರಿನ ಕಥೆ ಹೇಳಿದೆ. ಅವರು ಆಕಳಿಸಿದರು. ಜಗಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅವರ ತಾಯಿ ಆಗ ತಲೆ ಎತ್ತಿ, "ಏನ್ಲಾ ಅದು?" ಅಂದರು.

"ಏನಿಲ್ಲ ಕಣವ್ವ. ನೀ ಕೂರೋ ಸೀಟಿನ್ ಬಟ್ಟೆ ಕುಯ್ತೀನಿ ಅಂತವ್ಳೆ."

"ನಾ ಕೂರೋ ಸೀಟ್ ತಾನೆ? ಕುಯ್ಯವ್ವ ನೀನು. ಅವುನ್ಗೇನು, ಅವನ್ ಪಕ್ಕೆ ಆ ಕಡೆ ಐತೆ."

ಮಗ ಬೀಗದಕೈ ತಂದುಕೊಟ್ಟರು. ಎಡಸೀಟನ್ನು ಮಾತ್ರ ಕತ್ತರಿಸಲು ಬಿಟ್ಟರು. ತಾವು ಕೂರುವ ಬಲಸೀಟನ್ನು ಮುಟ್ಟಲು ಬಿಡಲಿಲ್ಲ, ಅದು ಇವತ್ತಿಗೂ ಹಾಗೇ ಇದೆ.

ಹತ್ತರಲ್ಲಿ ಎಂಟು ಪೂರ್ತಿ ಆಯಿತು, ಮಾಗಡಿಯದು ಅರ್ಧ. ಒಂದು ಕಾರು ಮಾರಿಹೋಗಿತ್ತು. ಕೊಂಡವರು ಯಾರು ಅಂತ ಎಷ್ಟು ವಿಚಾರಿಸಿದರೂ ತಿಳಿಯಲಿಲ್ಲ. ರಸ್ತೆಯಲ್ಲಿ ಆ ಬಣ್ಣದ ಕಾರು ಕಂಡರೆ ಈಗಲೂ ಬಗ್ಗಿ ಸೀಟು ನೋಡುತ್ತೇನೆ. ಮಾಲೀಕ ನನ್ನ ಮಿಷನ್ನಿಗೆ ಬೇರೆಯವರನ್ನು ಕೂರಿಸಿದ್ದ. ಹೋಗಿ ನನ್ನ ಕತ್ತರಿ ತೆಗೆದುಕೊಂಡು ಬಂದೆ. ಆ ಫೋಟೋ ಅಷ್ಟರಲ್ಲಿ ಫ್ಲೆಕ್ಸ್ ಆಗಿ ಅಂಗಡಿಯ ಮೇಲೆ ಏರಿತ್ತು. ಹೋಗುವ ಬರುವ ಬಸ್ಸಿನವರೆಲ್ಲ ಓದುವಷ್ಟು ದೊಡ್ಡದಾಗಿ, ಗಾಡಿ ಹೋದ್ರೂ ಹೊಲಿಗೆ ಹೋಗಲ್ಲ. ರಸ್ತೆಯಲ್ಲಿ ನಿಂತೇ ಉಗಿದು ಬಂದೆ.

ಸಬೂಬು ಮುಗಿಯಿತು. ಆದರೂ ಚನ್ನಪಟ್ಟಣದ ಬಸ್ಸು ಹತ್ತಲು ಕಾಲು ಬರಲಿಲ್ಲ. ಇವತ್ತು ನಾಳೆ ಅಂತ ಒಂದು ವಾರ ದೂಡಿದೆ. ಕೊನೆಗೆ ಟೀಚರೇ ಫೋನ್ ಮಾಡಿದರು. ದನಿ ಸಣ್ಣಗಿತ್ತು.

"ಪಕ್ಕೆಗೆ ಬೆಲ್ಟ್ ಹಾಕಿದಾರೆ ಕಣೆ. ಯಾವ ಬ್ಲೌಸೂ ಹತ್ತಲ್ಲ. ಒಸಿ ಬಂದು ಸಡಿಲ ಮಾಡ್ಕೊಡ್ತೀಯಾ?"

ಮಾರನೇ ಬೆಳಿಗ್ಗೆ ಹೋದೆ. ಟೀಚರು ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಕುಳಿತಿದ್ದರು. ಎಡಗೈ ಮೇಲೆ ಎತ್ತಲು ಆಗುತ್ತಿರಲಿಲ್ಲ. ನಗಲು ಹೋಗಿ ನೋವಿಗೆ ತುಟಿ ಕಚ್ಚಿಕೊಂಡರು. ಯಜಮಾನರು ನನಗೆ ಕಾಫಿ ಕೊಟ್ಟು, ಮೊಬೈಲ್ ತೆಗೆದು ಆ ಫೋಟೋ ತೋರಿಸಿದರು. ಯಾರೋ ಅವರಿಗೂ ಕಳಿಸಿದ್ದರು.

"ನಮ್ ಗಾಡಿನೇ ಕಣಮ್ಮ ಇದು. ಇಷ್ಟೆಲ್ಲ ಆದ್ರೂ ನಿನ್ ಹೊಲಿಗೆ ನೋಡು ಎಂಗೈತೆ. ಹೊಸ ಸೀಟಿಗೂ ನೀನೇ ಹೊಲ್ಕೊಡ್ಬೇಕು. ಇದೇ ತರ, ಗಟ್ಟಿಯಾಗಿ."

ಕಾಫಿ ಲೋಟ ಕೆಳಗಿಟ್ಟೆ. ಬ್ಯಾಗಿನಿಂದ ಡಬ್ಬಿ ತೆಗೆದು, ಒಂದು ಲೇಬಲ್ ಆರಿಸಿ ಟೀಚರ ಹೊದಿಕೆಯ ಮೇಲಿಟ್ಟೆ. ಆಮೇಲೆ ಎಲ್ಲ ಹೇಳಿದೆ. ಲೇಬಲ್ ಕತ್ತರಿಸಿದ್ದು, ಮೂರೆಳೆ ದಾರ, ಎರಡು ಸಾಲು, ಕವರಿನ ಒಳಗೆ ಮುದ್ದೆಯಾಗಿ ಕುಳಿತಿದ್ದ ಚೀಲ. ಅದು ಬಂದಿದ್ದರೆ ಮೂಳೆ ಉಳಿಯುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಅಂತ ಭಾಯ್ ಹೇಳಿದ್ದನ್ನೂ ಹೇಳಿದೆ. ಅಳಬಾರದು ಅಂತ ಹಲ್ಲು ಕಚ್ಚಿ ಹೇಳಿದೆ. ಅಳು ನನಗೆ ಸಲ್ಲುವುದಲ್ಲ.

ಯಜಮಾನರು ಮೊಬೈಲನ್ನು ಜೇಬಿಗೆ ಹಾಕಿಕೊಂಡು ನನ್ನ ಮುಖ ನೋಡದೆ ಹೊರಗೆ ಹೋದರು.

ಟೀಚರು ಲೇಬಲ್ಲನ್ನು ಬಲಗೈಯಲ್ಲಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಮಕ್ಕಳಿಗೆ ಓದಿಸುವ ಹಾಗೆ ಅಕ್ಷರ ಅಕ್ಷರವಾಗಿ ಓದಿದರು. "ನೀನು ಇದನ್ನ ಕತ್ತರಿಸುವಾಗ ನಾನು ಅಲ್ಲೇ ನಿಂತಿದ್ದೆ" ಅಂದರು. "ಕತ್ತರಿಸ್ಬಿಡು, ಸೀರೆಗೆ ಸಿಕ್ಕೊಳ್ಳುತ್ತೆ ಅಂತ ನಾನೇ ಹೇಳಿದ್ನಲ್ಲೇ. ಇಂಗ್ಲಿಷ್ ಟೀಚರು. ಬಗ್ಗಿ ಒಂದ್ಸಲಾನೂ ಓದಲಿಲ್ಲ."

ನನಗೆ ಅದು ನೆನಪೇ ಇರಲಿಲ್ಲ. ಆದರೂ ಅದರಿಂದ ನನ್ನ ಎದೆ ಹಗುರವೇನೂ ಆಗಲಿಲ್ಲ. ಅದನ್ನು ಓದುವುದು ಅವರ ಕೆಲಸವಲ್ಲ, ಕತ್ತರಿ ಹಿಡಿದವಳು ನಾನು ಅಂದೆ.

"ಹೌದು" ಅಂದರು ಟೀಚರು. "ಪರವಾಗಿಲ್ಲ ಅಂತ ನಾನು ಹೇಳಲ್ಲ ಕಣೆ. ಉಸಿರು ಎಳ್ಕೊಂಡಾಗೆಲ್ಲ ನೋಯುತ್ತೆ. ನೀನು ಬಂದು ಹೇಳ್ದೆ, ಅದು ಸರಿ. ಬ್ಲೌಸ್ ತಗೋ."

ಕುರ್ಚಿಯ ಮೇಲೆ ಮಡಚಿಟ್ಟಿದ್ದ ಬ್ಲೌಸುಗಳಲ್ಲಿ ಮೇಲಿನದನ್ನು ತೆಗೆದುಕೊಂಡು ಒಳಮಗ್ಗುಲು ಹೊರಗೆ ಮಾಡಿದೆ. ನಾನೇ ಹೊಲಿದ ಹಳೇ ಬ್ಲೌಸು, ಎಡ ಮಗ್ಗುಲಿಗೆ ಮೂರು ಸಾಲು. ಕೊಕ್ಕೆಯ ತುದಿಯಿಂದ ಮೊದಲ ಸಾಲಿನ ಒಂದು ಎಳೆ ಮೇಲೆತ್ತಿ, ಬೆರಳಿಗೆ ಸುತ್ತಿಕೊಂಡು ಎಳೆದೆ. ಕಂಕುಳಿಂದ ಕೆಳಗಿನವರೆಗೂ ಸರ್ರನೆ ಬಿಚ್ಚಿಕೊಂಡು ಬಂತು. ದಾರ ಪೂರ್ತಿ ನನ್ನ ಬೆರಳಲ್ಲಿತ್ತು.

ಟೀಚರು ಅದನ್ನೇ ನೋಡುತ್ತಿದ್ದರು.

"ಇಷ್ಟೇ ಸಾಕಿತ್ತಲ್ಲೇ" ಅಂದರು.